ಮಳೆಗಾಲದ ಭಯ, ಮನೆಯ ಧೈರ್ಯ



2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಇಂಥ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದುತ್ತೇವೆ. ಮಕ್ಕಳು ಅದನ್ನು ನಮ್ಮ ಮುಖದಲ್ಲಿ ಓದುತ್ತಾರೆ.

ರಾತ್ರಿ ಜೋರು ಮಳೆ ಸುರಿಯುವಾಗ ಮಗು, "ಅಮ್ಮಾ, ನಮ್ಮ ಗುಡ್ಡವೂ ಬೀಳುತ್ತದಾ?" ಎಂದು ಕೇಳಿದರೆ ಏನು ಹೇಳುತ್ತೀರಿ? "ಸುಮ್ಮನೆ ಮಲಗು" ಎಂದು ಗದರಿಸಿದರೆ ಭಯ ಹೋಗುವುದಿಲ್ಲ. ಭಯವನ್ನು ಯಾರಿಗೂ ಹೇಳಬಾರದೆಂದು ಮಾತ್ರ ಮಗು ಕಲಿಯುತ್ತದೆ. "ಏನೂ ಆಗುವುದೇ ಇಲ್ಲ" ಎಂದರೆ, ಏನಾದರೂ ಆದ ದಿನ ನಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. "ನನಗೂ ಸ್ವಲ್ಪ ಹೆದರಿಕೆ ಆಗುತ್ತದೆ ಮಗಾ. ಮಳೆ ಹೆಚ್ಚಾದರೆ ಎಲ್ಲರೂ ಕೂಡಿ ಕಾಳಜಿ ಕೇಂದ್ರಕ್ಕೆ ಹೋಗೋಣ" ಎನ್ನಿರಿ. ಭಯವಿದ್ದರೂ ದಾರಿಯಿದೆ ಎಂದು ಮಗು ಕಲಿಯುತ್ತದೆ. ಧೈರ್ಯವೆಂದರೆ ಇದೇ.

ಪವಿತ್ರ ಕುಟುಂಬದ ಹಬ್ಬದಲ್ಲಿ ಓದುವ ಶುಭಸಂದೇಶಗಳಲ್ಲಿ ಲೂಕನ 2ನೇ ಅಧ್ಯಾಯದ ಘಟನೆಯೂ ಒಂದು. 12 ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದುಬಿಟ್ಟರು. ಮೂರು ದಿನಗಳ ನಂತರ ದೇವಾಲಯದಲ್ಲಿ ಸಿಕ್ಕಾಗ ಮರಿಯಮ್ಮನವರು ಏನು ಮಾಡಿದರು? ಹೀಗೇಕೆ ಮಾಡಿದೆ ಎಂದು ಕೇಳಿದರು. ತಾವಿಬ್ಬರೂ ಪಟ್ಟ ಕಳವಳವನ್ನು ಮುಚ್ಚಿಡದೆ ಹೇಳಿದರು. ಮಗನ ಉತ್ತರವನ್ನು ಕೇಳಿಸಿಕೊಂಡರು. ಆ ಉತ್ತರ ತಂದೆತಾಯಿಗೆ ಅರ್ಥವಾಗಲಿಲ್ಲ. ಆದರೂ ಮೂವರೂ ಕೂಡಿಯೇ ನಜರೇತಿಗೆ ಮರಳಿದರು. ಆ ಮನೆಯಲ್ಲಿ ಬೆಳೆದ ಬಾಲಕ ದೇವರಿಗೂ ಜನರಿಗೂ ಮೆಚ್ಚುಗೆಯಾದನೆಂದು ಲೂಕನು ಅಧ್ಯಾಯವನ್ನು ಮುಗಿಸುತ್ತಾನೆ. ಜನರೊಡನೆ ಬಾಳುವ ಪಾಠ ಮನೆಯಲ್ಲೇ ಆರಂಭವಾಗುತ್ತದೆ.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಪಾಲಕರ ಕುಡಿತದಂಥ ಹಲವು ಕಷ್ಟಗಳಲ್ಲಿ ಬೆಳೆದವರಲ್ಲಿಯೂ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳು ಆತ್ಮವಿಶ್ವಾಸವುಳ್ಳ, ಇತರರನ್ನು ಪ್ರೀತಿಸಬಲ್ಲ ವ್ಯಕ್ತಿಗಳಾದರು. ಚಿಕ್ಕಂದಿನಲ್ಲಿ ನೆಚ್ಚಿಕೊಳ್ಳಲು ಒಬ್ಬ ಹಿರಿಯರಾದರೂ ಇದ್ದದ್ದು ಅವರಿಗೆ ದೊಡ್ಡ ಆಸರೆಯಾಯಿತು. ಆ ಹಿರಿಯರು ಕೆಲವರಿಗೆ ಅಜ್ಜ, ಅಜ್ಜಿ ಅಥವಾ ಶಿಕ್ಷಕರು. ಮನೆಗೆಲಸದಲ್ಲಿ ಜವಾಬ್ದಾರಿ ಹೊತ್ತದ್ದೂ ಅವರಿಗೆ ನೆರವಾಯಿತು.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು ಮಕ್ಕಳ ಮಾತು ಕೇಳಿರಿ. ಮನೆಯಲ್ಲಿ ತನ್ನ ಮಾತಿಗೆ ಕಿವಿ ಸಿಕ್ಕ ಮಗು ಗೆಳೆಯರ ಮಾತಿಗೂ ಕಿವಿಗೊಡುತ್ತದೆ. ಎರಡನೆಯದಾಗಿ, ಗಂಡಹೆಂಡಿರ ಜಗಳ ಮಕ್ಕಳ ಎದುರು ಆಗಿದ್ದರೆ ರಾಜಿಯೂ ಅವರ ಎದುರೇ ಆಗಲಿ. ಕ್ಷಮೆ ಕೇಳುವುದನ್ನು ಅವರು ನೋಡಲಿ. ಮೂರನೆಯದಾಗಿ, ಹಡಗಿನಲ್ಲೋ ಗಲ್ಫಿನಲ್ಲೋ ದುಡಿಯುವ ತಂದೆಯರೇ, ಫೋನು ಮಾಡಿದಾಗ ಅಂಕಗಳನ್ನಷ್ಟೇ ಕೇಳಬೇಡಿರಿ. ಇಂದು ಯಾರ ಜೊತೆ ಆಡಿದೆ, ಯಾವುದಕ್ಕೆ ಬೇಸರವಾಯಿತು ಎಂದೂ ಕೇಳಿರಿ.

ಮಕ್ಕಳ ಬದುಕಿಗೆ ಬರುವ ಮಳೆಯನ್ನು ತಡೆಯುವ ಶಕ್ತಿ ನಮಗಿಲ್ಲ. ಆ ಮಳೆಯಲ್ಲಿ ಅವರು ಒಂಟಿಯಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಪವಿತ್ರ ಕುಟುಂಬವು ನಮ್ಮೆಲ್ಲ ಮನೆಗಳನ್ನು ಕಾಯಲಿ.