ಮನೆ ಬಿಟ್ಟವಳ ನಾಯಿ

ಉಡುಪಿಯಿಂದ ಮಣಿಪಾಲದ ಗುಡ್ಡದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕಡಿಯಾಳಿ ಸಿಗುತ್ತದೆ. ಅಲ್ಲಿಯ ಮನೆಯೊಂದರಿಂದ ಗಂಡನ ಹೊಡೆತ ತಾಳಲಾರದೆ ಹೆಂಗಸೊಬ್ಬಳು ಹೊರಡಬೇಕಾಗಿದೆ ಎಂದು ಭಾವಿಸೋಣ. ಮಕ್ಕಳ ಕೈ ಹಿಡಿಯಬಹುದು, ಬಟ್ಟೆಬರೆ ಗಂಟುಕಟ್ಟಬಹುದು. ಅಂಗಳದ ನಾಯಿಯನ್ನೇನು ಮಾಡುವುದು? ಕೊಟ್ಟಿಗೆಯ ಹಸುವನ್ನು? 2015ರಲ್ಲಿ ಆರಂಭವಾದ 'ಸಖಿ' ಕೇಂದ್ರಗಳ ಯೋಜನೆ ನೊಂದ ಸ್ತ್ರೀಗೆ ಐದು ದಿನಗಳವರೆಗೆ ತಂಗಲು ಎಡೆಗೊಡುತ್ತದೆ. ಆದರೆ ಅದು ಮನುಷ್ಯರಿಗಾಗಿ ರೂಪಿಸಿದ ಏರ್ಪಾಡು.

ನಾಯಿಯ ಚಿಂತೆಯೊಂದು ಚಿಂತೆಯೇ ಎಂದು ನಗುವವರುಂಟು. ಅಮೆರಿಕದ ಯೂಟಾ ಸಂಸ್ಥಾನದ ಆಶ್ರಯಧಾಮವೊಂದರಲ್ಲಿದ್ದ 38 ಮಂದಿ ಸ್ತ್ರೀಯರನ್ನು ಫ್ರಾಂಕ್ ಆಸಿಯೋನ್ ಎಂಬ ಮನಶ್ಶಾಸ್ತ್ರಜ್ಞರು ವಿಚಾರಿಸಿ, 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರಾಣಿಗಳನ್ನು ಸಾಕಿದ್ದವರಲ್ಲಿ ನೂರಕ್ಕೆ 71 ಮಂದಿ, ತಮ್ಮ ಸಂಗಾತಿ ಅವನ್ನು ಹಿಂಸಿಸಿದ್ದನೆಂದೋ ಹಿಂಸಿಸುವೆನೆಂದು ಬೆದರಿಸಿದ್ದನೆಂದೋ ತಿಳಿಸಿದ್ದರು. ನಾಯಿಗೆ ಬಿದ್ದ ಪೆಟ್ಟು ಹೆಂಡತಿಗೆ ಕೊಟ್ಟ ಎಚ್ಚರಿಕೆ.

ಆ ನಾಯಿ ಪಶುವೈದ್ಯರ ಮೇಜಿಗೆ ಬಂದಾಗ ಜೊತೆಗೊಂದು ಕತೆಯೂ ಬರುತ್ತದೆ: 'ಮೆಟ್ಟಿಲಿನಿಂದ ಬಿತ್ತು.' ಮುರಿದ ಎಲುಬಾದರೋ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಹೊಸ ಮುರಿತದ ಅಂಚುಗಳು ಕ್ಷ-ಕಿರಣ ಚಿತ್ರದಲ್ಲಿ ಚೂಪಾಗಿ ಕಾಣುತ್ತವೆ. ಕೆಲವು ವಾರಗಳಲ್ಲಿ ಅವುಗಳ ಸುತ್ತ ಹೊಸ ಎಲುಬಿನ ಗಂಟು ಕಟ್ಟುತ್ತದೆ. ತಿಂಗಳುಗಳು ಕಳೆದಂತೆ ಗಂಟು ಸವೆದು ನಯವಾಗುತ್ತದೆ. ಒಂದೇ ನಾಯಿಯ ಪಕ್ಕೆಲುಬುಗಳಲ್ಲಿ ಈ ಮೂರು ಅವಸ್ಥೆಗಳೂ ಒಟ್ಟಿಗೆ ಕಂಡರೆ, ಅದು ಒಂದು ಸಲ ಬಿದ್ದುದರ ಫಲವಾಗಲಾರದು. ಹೊಡೆತ ತಿಂದ ಮಕ್ಕಳ ವಿಷಯದಲ್ಲಿ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲೇ ಹೀಗೆ ತರ್ಕಿಸಿದ್ದರು. ಸಾಕುಪ್ರಾಣಿಗಳಲ್ಲಿ ಇಂಥ ಗಾಯಗಳ ಗುರುತುಗಳನ್ನು ಬ್ರಿಟನ್ನಿನ ಮನ್ರೋ ಮತ್ತು ಥ್ರಸ್‌ಫೀಲ್ಡ್ 2001ರಲ್ಲಿ ವಿವರಿಸಿದರು. ಆದರೂ ಅವಸರದ ತೀರ್ಮಾನ ಸಲ್ಲದು. ಬರಿಯ ಅನ್ನ ತಿಂದು ಬೆಳೆದ ಮರಿಯ ಎಲುಬು ಸುಣ್ಣದಂಶದ ಕೊರತೆಯಿಂದಲೂ ಸುಲಭವಾಗಿ ಮುರಿಯುತ್ತದೆ. ಅಂಥ ಮರಿಗಳು ನಮ್ಮಲ್ಲಿ ಅಪರೂಪವೇನಲ್ಲ.

ನಾಯಿಯನ್ನು ನೆಂಟರ ಮನೆಯಲ್ಲಿ ಬಿಡುವುದಾದರೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ಪುಸ್ತಕ ಜೊತೆಗಿರಬೇಕು. ಅದು ಅವಳ ಹೆಸರಿನಲ್ಲಿದ್ದರೆ ಒಡೆತನಕ್ಕೂ ಒಂದು ಆಧಾರ. ಅವಳ ಹೊಸ ವಿಳಾಸವನ್ನು ಪಶುವೈದ್ಯರು ಗಂಡನಿಗೆ ತಿಳಿಸಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಹಸುವಿನ ಮಾತು ಇನ್ನೂ ತೊಡಕಿನದು. ಅದು ಜೀವವೂ ಹೌದು, ಜೀವನೋಪಾಯವೂ ಹೌದು. 2005ರ ಕೌಟುಂಬಿಕ ಹಿಂಸೆ ಕಾಯಿದೆ ಪ್ರಾಣಿಗಳ ಹೆಸರೆತ್ತುವುದಿಲ್ಲ. ಆದರೆ ಹೆಂಡತಿಗೆ ಹಕ್ಕಿರುವ ಚರಸ್ವತ್ತನ್ನು ಗಂಡನು ಪರಭಾರೆ ಮಾಡುವುದನ್ನು ಅದು ಆರ್ಥಿಕ ಹಿಂಸೆಯೆಂದು ಎಣಿಸುತ್ತದೆ. ಆ ಹಕ್ಕನ್ನು ತೋರಿಸುವುದು ಹೇಗೆ? ಹಸುವಿನ ಕಿವಿಯ ಹಳದಿ ಬಿಲ್ಲೆಯಲ್ಲಿ 12 ಅಂಕಿಗಳ ಸಂಖ್ಯೆಯಿದೆ. ಒಡೆಯರ ಹೆಸರು ಆ ಸಂಖ್ಯೆಯೊಡನೆ ದಾಖಲಾಗಿರುತ್ತದೆ. ಹಾಲು ಕರೆದು ಸಂಘಕ್ಕೆ ಹೊತ್ತೊಯ್ಯುವವಳು ಹೆಂಡತಿಯಾದರೂ ದಾಖಲೆಯ ಹೆಸರು ಗಂಡನದಾಗಿರುವುದುಂಟು.