ಯಾರ ಮನೆಯ ಕಪ್ಪು-ಬಸಿ?

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಒಂದು ಚಿತ್ರದಲ್ಲಿ ಗಂಡ, ಹೆಂಡತಿ, ಮಗು ಚಹಾಕ್ಕೆ ಕೂತಿದ್ದಾರೆ. ಸುಮಾರು 1727ರ ಚಿತ್ರ. ರಿಚರ್ಡ್ ಕಾಲಿನ್ಸ್ ಬರೆದದ್ದೆಂದು ಹೇಳುತ್ತಾರೆ. ಅವರ ಕಪ್ಪುಗಳಿಗೆ ಹಿಡಿಯೇ ಇಲ್ಲ. ಚೀನಾದವರು ಚಹಾ ಕುಡಿಯುತ್ತಿದ್ದದ್ದು ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ, ಹಡಗೇರಿ ಯುರೋಪಿಗೆ ಬಂದದ್ದೂ ಅದೇ. ಬಿಸಿ ಪಿಂಗಾಣಿಯನ್ನು ಬೆರಳು ಸುಡದಂತೆ ಹಿಡಿಯುವುದು ಆಗ ಕಲಿಯಬೇಕಾಗಿದ್ದ ವಿದ್ಯೆ. ಈ ಮನೆಯವರು ಒಬ್ಬೊಬ್ಬರು ಒಂದೊಂದು ಥರ ಹಿಡಿದಿದ್ದಾರೆ. ಮೇಜಿನ ತುಂಬ ಬೆಳ್ಳಿ: ಚಹಾಪುಡಿಯ ಡಬ್ಬಿ, ಸಕ್ಕರೆ ಬಟ್ಟಲು, ಇಕ್ಕಳ, ಬಿಸಿನೀರಿನ ಹೂಜಿ. ನಮ್ಮ ಹಾಲ್‌ನ ಷೋಕೇಸಿನಿಂದ ನೆಂಟರು ಬಂದಾಗ ಮಾತ್ರ ಕೆಳಗಿಳಿಯುವ ಕಪ್ಪು-ಬಸಿಯ ಹಾಗೆ ಎಲ್ಲವೂ ನೋಡುವವರಿಗಾಗಿಯೇ ಜೋಡಿಸಿದ್ದು. ಚಿತ್ರವೇನೋ ಚೆನ್ನಾಗಿದೆ. ಆದರೆ ಅಲ್ಲಿ ಯಾರಿಗೂ ನಿಜವಾಗಿ ಚಹಾ ಬೇಕಿತ್ತು ಅನ್ನಿಸುವುದಿಲ್ಲ.

ಕಾಸು ಕೊಟ್ಟವರ ಕಪ್ ಬರೆಯುವುದು ಬೇರೆ, ಮನೆಯಲ್ಲಿ ದಿನಾ ಕೈಗೆ ಸಿಗುವ ಕಪ್ ಬರೆಯುವುದು ಬೇರೆ. ಪ್ಯಾರಿಸ್ಸಿನ ಶಾರ್ದಾನ್ 1735ರ ಫೆಬ್ರವರಿಯಲ್ಲಿ ಮುಗಿಸಿದ ಚಿತ್ರ ಈಗ ಗ್ಲಾಸ್ಗೋದ ಹಂಟೇರಿಯನ್‌ನಲ್ಲಿದೆ. ಕೆಂಪು ಮೇಜು, ಅದರ ಮೇಲೆ ಕಂದು ಬಣ್ಣದ ಸಾದಾ ಟೀಪಾಟು. ಪಕ್ಕಕ್ಕೆ ತಿರುಗಿ ಕೂತ ಹೆಂಗಸು ಬಿಳಿ ಕಪ್ಪಿನಲ್ಲಿ ಚಮಚ ಆಡಿಸುತ್ತಿದ್ದಾಳೆ, ಹಬೆ ಏಳುತ್ತಿದೆ. ಆಕೆ ಶಾರ್ದಾನನ ಹೆಂಡತಿ ಮಾರ್ಗರೀತ್ ಎಂದೇ ಹೇಳುತ್ತ ಬಂದಿದ್ದಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಮಾರ್ಗರೀತ್ ತೀರಿಕೊಂಡಳು. ಇಷ್ಟು ತಿಳಿದ ಮೇಲೆ ಆ ಹಬೆಯಲ್ಲಿ ಆಯುಷ್ಯದ ಸಂಕೇತ ಹುಡುಕದೆ ಇರುವುದು ಕಷ್ಟ. ನಾನಂತೂ ಹುಡುಕಲಾರೆ. ಬರೆಯುವಾಗ ಅವನಿಗೆ ಏಪ್ರಿಲ್‌ನ ವಿಷಯ ಗೊತ್ತಿರಲಿಲ್ಲ. ಅವನು ನೋಡಿದ್ದು ಬಿಸಿ ಆರಲಿ ಎಂದು ಕಾಯುತ್ತಿರುವ ಹೆಂಗಸನ್ನು, ಅಷ್ಟನ್ನೇ ಬರೆದ. ನೋಡುವವರಿಗಾಗಿ ಆಕೆ ಒಂದು ಬೆರಳನ್ನೂ ಹೊಂದಿಸಿಕೊಂಡಿಲ್ಲ.

ಜಿನೀವಾದ ಲಿಯೊತಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಡಿಯುವವರನ್ನೇ ಚಿತ್ರದಿಂದ ಎಬ್ಬಿಸಿ ಕಳಿಸಿಬಿಟ್ಟ. 1781-83ರ ಹೊತ್ತಿಗೆ, ಹೆಚ್ಚುಕಡಿಮೆ ಎಂಬತ್ತರ ವಯಸ್ಸಿನಲ್ಲಿ ಬರೆದ ಆ ಚಿತ್ರ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಬಣ್ಣದ ತಟ್ಟೆಯ ಮೇಲೆ ಚೀನಾದ ಕಪ್ಪು-ಬಸಿಗಳು ಚೆಲ್ಲಾಪಿಲ್ಲಿ. ಒಂದು ಕಪ್ ಮಗುಚಿದೆ, ಇನ್ನೊಂದನ್ನು ಬಸಿಯ ಸಮೇತ ಗಸಿ ಸುರಿಯುವ ದೊಡ್ಡ ಬಟ್ಟಲೊಳಗೆ ಇಟ್ಟಿದ್ದಾರೆ. ಬೆಣ್ಣೆ ಹಚ್ಚಿದ ಬ್ರೆಡ್ಡು ತಟ್ಟೆಯಲ್ಲಿ ಉಳಿದಿದೆ. ಮಾತುಕತೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ, ತೊಳೆಯುವವರು ಬರುವ ಮುಂಚಿನ ಹೊತ್ತು. ಚಿತ್ರ ಕಲಿಯುವವರಿಗೆ ಕಪ್ಪಿನ ಬಾಯಿ ಬರೆಸಿ ಗೋಳಾಡಿಸುವುದು ಎಲ್ಲ ಕಡೆಯೂ ಇದೆ. ಬಾಯಿ ದುಂಡಗಿದ್ದರೂ ಕಣ್ಣಿಗೆ ಕಾಣುವುದು ಮೊಟ್ಟೆಯಾಕಾರ. ಎರಡು ತುದಿಯಲ್ಲಿ ಎಲ್ಲಾದರೂ ಮೊನೆ ಬಂತೋ, ಕಪ್ ಕೆಟ್ಟಿತು. ಲಿಯೊತಾರನ ತಟ್ಟೆಯಲ್ಲಿ ಒಂದೊಂದು ಕಪ್ಪೂ ಒಂದೊಂದು ಕಡೆ ವಾಲಿದೆ. ಒಂದರ ಬಾಯಿ ಇನ್ನೊಂದರಂತಿಲ್ಲ, ಒಂದೂ ತಪ್ಪಿಲ್ಲ. ಚಿತ್ರದಲ್ಲಿ ಕುಂಚದ ಗುರುತು ಕಾಣಲೇಬಾರದು ಎಂದು ವಾದಿಸಿ 1781ರಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ್ದ ಮುದುಕ ಅವನು. ಇಲ್ಲಿ ನುಡಿದಂತೆ ನಡೆದಿದ್ದಾನೆ.

ವ್ಯಾನ್ ಗೋ ಬರೆದದ್ದು ಕಾಫಿಯ ಸಾಮಾನು. ಕಪ್ ಕಪ್ಪೇ ತಾನೆ, ಬಿಡಲಾಗದು. 1888ರ ಮೇ 1ಕ್ಕೆ ಆರ್ಲ್ ಊರಿನಲ್ಲಿ ತಿಂಗಳಿಗೆ 15 ಫ್ರಾಂಕ್ ಬಾಡಿಗೆಗೆ ಹಳದಿ ಮನೆಯನ್ನು ಹಿಡಿದ. ಮಂಚವಿಲ್ಲದ್ದರಿಂದ ಮಲಗುವುದು ಬೇರೆ ಕಡೆ, ಚಿತ್ರ ಬರೆಯುವುದು ಇಲ್ಲಿ. ಸ್ಟುಡಿಯೋದಲ್ಲೇ ಒಂದಿಷ್ಟು ಕಾಫಿ, ಸೂಪು ಮಾಡಿಕೊಳ್ಳಲು ಪಾತ್ರೆ ತಂದ. ಎರಡು ಕುರ್ಚಿ, ಒಂದು ಮೇಜೂ ಬಂದವು. ಆ ತಿಂಗಳು ಮುಗಿಯುವುದರೊಳಗೆ ನೀಲಿ ಎನಾಮಲ್‌ನ ಕಾಫಿಪಾಟು ಕ್ಯಾನ್ವಾಸಿಗೆ ಏರಿತ್ತು. ಪಕ್ಕದಲ್ಲಿ ನೀಲಿ-ಚಿನ್ನದ ಕಪ್, ಚೌಕುಳಿಯ ಹಾಲಿನ ಜಗ್ಗು, ಕಿತ್ತಳೆ, ನಿಂಬೆ. ನೀಲಿಗಳೆಲ್ಲ ಒಂದು ಕಡೆ, ಹಳದಿಯಿಂದ ಕಿತ್ತಳೆಯವರೆಗಿನ ಬಣ್ಣಗಳು ಇನ್ನೊಂದು ಕಡೆ. ತಮ್ಮ ತೆಯೋಗೂ ಗೆಳೆಯ ಬರ್ನಾರನಿಗೂ ಯಾವ ವಸ್ತು ಯಾವ ಬಣ್ಣ ಎಂದು ಪತ್ರದಲ್ಲಿ ಬಿಡಿಬಿಡಿಯಾಗಿ ವರದಿ ಒಪ್ಪಿಸಿದ. ಹೊಸ ಮನೆ ಹೂಡಿದವರ ಸಂಭ್ರಮ ಅದು. ಅವನ ಸೂರ್ಯಕಾಂತಿಗಳ ಮುಂದೆ ಈ ಚಿತ್ರದ ಹೆಸರು ಹೆಚ್ಚು ಕೇಳಿಬರುವುದಿಲ್ಲ. ನನಗೆ ಇದರ ಮೇಲೆಯೇ ಒಂದು ಕೈ ಹೆಚ್ಚು ಪ್ರೀತಿ.

ಬೊಲೋನ್ಯಾದ ಮೊರಾಂದಿಯದು ಇದಕ್ಕೆ ತದ್ವಿರುದ್ಧ. ಮೂವರು ತಂಗಿಯರ ಜೊತೆಗಿದ್ದ ಮನೆಯಲ್ಲಿ ಅವನು ಮಲಗುತ್ತಿದ್ದದ್ದೂ ಚಿತ್ರ ಬರೆಯುತ್ತಿದ್ದದ್ದೂ ಒಂದೇ ಕೋಣೆಯಲ್ಲಿ. ಬಾಟಲಿ, ಬಟ್ಟಲು, ಕಪ್ಪುಗಳ ಮೇಲೆ ಧೂಳು ಕೂರಲು ಬಿಡುತ್ತಿದ್ದ. ಯಾವುದು ಎಲ್ಲಿ ನಿಲ್ಲಬೇಕೆಂದು ಮೇಜಿಗೆ ಹಾಸಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ಅಲ್ಲಿ ಕಪ್ಪಿಗೆ ಚಹಾದ ಹಂಗಿಲ್ಲ.

ಮನೆಯಲ್ಲಿ ಇಲ್ಲದ ಕಪ್ಪನ್ನು ಬರೆದವನೂ ಇದ್ದಾನೆ. ರಷ್ಯಾದ ಕುಸ್ತೋದಿಯೆವ್‌ನ ‘ಚಹಾ ಕುಡಿಯುತ್ತಿರುವ ವ್ಯಾಪಾರಿಯ ಹೆಂಡತಿ’ 1918ರದು. ಪೆತ್ರೋಗ್ರಾದ್ ಹಸಿವಿನಿಂದ ಕಂಗೆಟ್ಟಿದ್ದ ವರ್ಷ. ಎರಡು ವರ್ಷಗಳ ಹಿಂದೆಯೇ ಕಾಲಿನ ಸ್ವಾಧೀನ ತಪ್ಪಿ ಕುಸ್ತೋದಿಯೆವ್ ಗಾಲಿಕುರ್ಚಿ ಹಿಡಿದಿದ್ದ. ಚಿತ್ರದಲ್ಲಿ ಮಾತ್ರ ಸಮೋವಾರ್, ಹೆಚ್ಚಿದ ಕಲ್ಲಂಗಡಿ, ಸೇಬು, ದ್ರಾಕ್ಷಿ, ಹೆಗಲಿಗೆ ಮೈ ಉಜ್ಜುವ ಬೆಕ್ಕು. ತುಂಬಿದ ಮೈಕಟ್ಟಿನ ಆ ಗೃಹಿಣಿಗೆ ರೂಪದರ್ಶಿಯಾಗಿ ಕೂತವಳು ವೈದ್ಯಕೀಯ ಓದುತ್ತಿದ್ದ ಹುಡುಗಿ. ಐದು ಬೆರಳ ತುದಿಯಲ್ಲಿ ಬಸಿಯನ್ನು ಎತ್ತಿ ಹಿಡಿದು ಅದರಿಂದಲೇ ಚಹಾ ಕುಡಿಯುತ್ತಿದ್ದಾಳೆ. ಬಸಿಗೆ ಸುರಿದು ಸೊರ್ ಎಂದು ಹೀರುವುದು ನಮ್ಮ ಕಡೆಯ ರೂಢಿ ಮಾತ್ರ ಎಂದುಕೊಂಡವರು ಈ ಚಿತ್ರವನ್ನು ನೋಡಬೇಕು. ಹಿಡಿದ ಠೀವಿಯಲ್ಲಿ ಇವಳು ನಮ್ಮ ಅಜ್ಜಂದಿರಿಗೆ ಸವಾಲು ಹಾಕುತ್ತಾಳೆ.

ಇನ್ನು ಕಾಣಿಕೆಯಾಗಿ ಬಂದ ಕಪ್ಪಿನ ಕಥೆ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಮೇರಿ ಕಸಾಟ್ ಮನೆಗೆ ನೆಂಟರೊಬ್ಬರು ಚಿನ್ನದ ಲೇಪವಿದ್ದ ನೀಲಿ-ಬಿಳಿ ಕ್ಯಾಂಟನ್ ಪಿಂಗಾಣಿಯ ಟೀ ಸೆಟ್ ಕೊಟ್ಟರು. ಉಪಕಾರ ತೀರಿಸಲು ಕಸಾಟ್ ಆ ನೆಂಟರ ತಾಯಿ ಮೇರಿ ಡಿಕಿನ್ಸನ್ ರಿಡ್ಲ್ ಅವರನ್ನು ಅದೇ ಸೆಟ್ಟಿನ ಮುಂದೆ ಕೂರಿಸಿ 1883-85ರಲ್ಲಿ ಚಿತ್ರ ಬರೆದಳು. ಪಿಂಗಾಣಿಯ ನೀಲಿ, ಕಣ್ಣಿನ ನೀಲಿ, ಹಿನ್ನೆಲೆಯ ನೀಲಿ ಎಲ್ಲ ಹದವಾಗಿ ಕೂಡಿ ಬಂದವು. ಮಗಳಿಗೆ ಹಿಡಿಸಲಿಲ್ಲ, ಅಮ್ಮನ ಮೂಗು ದೊಡ್ಡದಾಯಿತಂತೆ. ಮನಸ್ಸಿಗೆ ಪೆಟ್ಟಾದ ಕಸಾಟ್ ಚಿತ್ರವನ್ನು ಮೂಲೆಗೆ ಸರಿಸಿದಳು. ಎಷ್ಟೋ ವರ್ಷಗಳ ಮೇಲೆ ಗೆಳತಿ ಲೂಯಿಸಿನ್ ಹ್ಯಾವ್‌ಮೇಯರ್ ಒತ್ತಾಯಿಸಿ ಹೊರಗೆ ತೆಗೆಸಿದ್ದರಿಂದ 1923ರಲ್ಲಿ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು. ಕಪ್ಪುಗಳ ಬಗ್ಗೆ ಮಾತ್ರ ಯಾರೂ ತಕರಾರು ತೆಗೆದಂತಿಲ್ಲ.