ಕೆಲಸದ ಭಾರಕ್ಕೆ ಕಂಪ್ಯೂಟರ್ ನಿಂತುಹೋದರೆ



ಉಚ್ಚಂಗಿದುರ್ಗ ಮತ್ತು ಸುತ್ತಣ ಹಳ್ಳಿಗಳಲ್ಲಿ ಈಗ ಹಲವು ಮನೆಗಳಿಗೆ ಕಂಪ್ಯೂಟರ್ ಬಂದಿದೆ. ಮಕ್ಕಳ ಪಾಠ, ವಿದ್ಯಾರ್ಥಿವೇತನದ ಅರ್ಜಿ, ಮದುವೆಯ ವಿಡಿಯೋ ಜೋಡಿಸುವ ಕಸುಬು, ಎಲ್ಲಕ್ಕೂ ಅದು ಬೇಕು. ಆದರೆ ಕಾಗದ ಬರೆಯುವಾಗ ಸರಿಯಾಗಿದ್ದ ಯಂತ್ರವು ವಿಡಿಯೋ ಕೆಲಸಕ್ಕೆ ತೊಡಗಿದ ಹತ್ತು ನಿಮಿಷಕ್ಕೆ ಹ್ಯಾಂಗ್ ಆಗಿ ನಿಂತುಬಿಡುವುದುಂಟು. ಆಗ ನಾವು ಮಾಡುವುದೇನು? "ವೈರಸ್ ಹೊಕ್ಕಿದೆ" ಎಂದು ಪೇಟೆಗೆ ಒಯ್ದು ವಿಂಡೋಸ್ ಹೊಸದಾಗಿ ಹಾಕಿಸುತ್ತೇವೆ. ಈ ಲೇಖಕನೂ ಎರಡು ಸಲ ಹಾಗೆಯೇ ಮಾಡಿದನು. ಎರಡನೆಯ ಸಲ ಮನೆಯವರ ಹಳೆಯ ಫೋಟೋಗಳೆಲ್ಲ ಅಳಿಸಿಹೋದವು. ಯಂತ್ರವಾದರೋ ಮೂರನೆಯ ದಿನವೇ ಮತ್ತೆ ನಿಂತಿತು. ದೋಷವಿದ್ದುದು ಒಳಗೆ ತುಂಬಿದ್ದ ಧೂಳಿನಲ್ಲಿ.

ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಬಿಲ್ಲೆಯು ಹೆಬ್ಬೆರಳಿನ ಉಗುರಿನಷ್ಟೇ ಅಗಲ. ಮನೆಬಳಕೆಯ ಹಲವು ಪ್ರೊಸೆಸರುಗಳಿಗೆ ನಮೂದಿಸಿರುವ ಶಕ್ತಿ 65 ವಾಟ್. ಹಳೆಯ 60 ವಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಅದರ ಕಾವು ಎಷ್ಟೆಂದು ಹೇಳಬೇಕಾಗಿಲ್ಲ. ಈ ಕಾವನ್ನು ಹೊರಗೆ ಸಾಗಿಸಲು ಬಿಲ್ಲೆಯ ಮೇಲೆ ಸಂದುಸಂದಾದ ಲೋಹದ ಗಟ್ಟಿಯೂ ಅದರ ಮೇಲೊಂದು ಸಣ್ಣ ಫ್ಯಾನೂ ಇರುತ್ತವೆ. ಒಕ್ಕಣೆಯ ಕಾಲದಲ್ಲಿ ಟ್ರ್ಯಾಕ್ಟರಿನ ರೇಡಿಯೇಟರಿಗೆ ಮೆಕ್ಕೆಜೋಳದ ಹೊಟ್ಟು ಕಟ್ಟಿ ಇಂಜಿನ್ ಕಾದರೆ ನೀವು ಇಂಜಿನನ್ನು ಬದಲಿಸುವುದಿಲ್ಲ, ಹೊಟ್ಟನ್ನು ಕೊಡವುತ್ತೀರಿ. ಇಲ್ಲಿಯೂ ಸಂಗತಿ ಅದೇ. ಕಾವು ಏರಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಮೇಲೂ ಕಾವು ಮಿತಿ ಮೀರಿ ಏರಿದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಆರದೆ ಚಿತ್ರ ನಿಂತಲ್ಲೇ ನಿಂತರೆ ಕಾವಿನ ಜೊತೆಗೆ ಕರೆಂಟು, ಮೆಮೊರಿ ಇವುಗಳನ್ನೂ ಸಂಶಯಿಸಬೇಕು.

ಯಂತ್ರ ನಿಜವಾಗಿಯೂ ನಿಂತಿದೆಯೇ ಎಂಬುದನ್ನು ಮೊದಲು ನೋಡಿರಿ. ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರಕ್ಕೆ ಇನ್ನೂ ಜೀವವಿದೆ. ಭಾರ ಹೆಚ್ಚಾಗಿ ತಡವರಿಸುತ್ತಿರಬಹುದು, ಸ್ವಲ್ಪ ಕಾಯಿರಿ. ದೀಪ ಅಲುಗದಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿರಿ. ಮತ್ತೆ ಹಚ್ಚಿದ ಕೂಡಲೇ ಬೇಕಾದ ಫೋಟೋ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳತಕ್ಕದ್ದು. ಮಿಕ್ಕ ಪರೀಕ್ಷೆ ಆಮೇಲೆ.

ಪರೀಕ್ಷೆಗೆ ಕಾಸು ಬೇಕಿಲ್ಲ. ಪ್ಲಗ್ ಕಿತ್ತು ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿರಿ. ಒಂದು ಗೇಣು ದೂರದಿಂದ ಟೇಬಲ್ ಫ್ಯಾನ್ ತಿರುಗಿಸಿ, ಪ್ಲಗ್ ಹಾಕಿ, ಒಳಗೆ ಕೈಯಿಡದೆ ಅದೇ ಭಾರದ ಕೆಲಸ ಕೊಡಿರಿ. ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ಯಂತ್ರ ಒಂದು ಗಂಟೆ ಓಡಿತೆಂದರೆ ಕಳ್ಳ ಸಿಕ್ಕಿದಂತೆಯೇ. ಹಲವು ಯಂತ್ರಗಳಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100 ರಿಂದ 80ಕ್ಕೆ ಇಳಿಸಲೂ ಬರುತ್ತದೆ. ಕೆಲಸ ತುಸು ನಿಧಾನವಾದರೂ ಬೇಸಿಗೆಯ ಮಟ್ಟಿಗೆ ಇದೇ ಸಾಕಾಗಬಹುದು.

ಧೂಳು ತೆಗೆಯುವಾಗ ಪ್ಲಗ್ ಕಿತ್ತ ಮೇಲೆ ಪವರ್ ಬಟನ್ನನ್ನು ಒಮ್ಮೆ ಒತ್ತಿ ಬಿಡಿರಿ. ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಒಣಗಿದ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಲೋಹದ ಸಂದುಗಳನ್ನು ಬಿಡಿಸಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಂಡಿರಬೇಕು. ಒದ್ದೆ ಬಟ್ಟೆ ಕೂಡದು. ಕರೆಂಟು ಒಳಬರುವ ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಎಂದಿಗೂ ಬಿಚ್ಚಬೇಡಿರಿ. ಪ್ಲಗ್ ಕಿತ್ತ ಮೇಲೆಯೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ. ಧೂಳು ತೆಗೆದರೂ ಕಾವು ಇಳಿಯದಿದ್ದರೆ ಬಿಲ್ಲೆಗೂ ಲೋಹಕ್ಕೂ ನಡುವೆ ಹಚ್ಚಿದ ಪೇಸ್ಟ್ ಒಣಗಿರಬಹುದು. ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಸಾಕು, ಆದರೆ ಅದನ್ನು ಕೈ ಪಳಗಿದವರಿಂದ ಹಾಕಿಸುವುದು ಲೇಸು.

ಫ್ಯಾನ್ ಇಟ್ಟರೂ ಯಂತ್ರ ನಿಂತರೆ ಹೊತ್ತನ್ನು ಗಮನಿಸಿರಿ. ಮನೆಯ ದೀಪ ಮಂಕಾಗುವ ವೇಳೆಗೇ ನಿಲ್ಲುತ್ತಿದ್ದರೆ ವೋಲ್ಟೇಜನ್ನು ನೋಡಬೇಕು. ನಮ್ಮಲ್ಲಿ 230 ವೋಲ್ಟ್ ಬರಬೇಕು. ವೋಲ್ಟೇಜ್ ಸರಿಯಿದ್ದೂ ಭಾರ ಬಿದ್ದಾಗ ಮಾತ್ರ ಸೋಲುವುದು ಹಳೆಯ ಎಸ್‌ಎಂಪಿಎಸ್ಸಿನ ಲಕ್ಷಣ. ಪರಿಚಿತರ ಒಳ್ಳೆಯದೊಂದನ್ನು ತಂತ್ರಜ್ಞರಿಂದ ಒಂದು ದಿನ ಜೋಡಿಸಿ ನೋಡಿ ಆಮೇಲೆ ಕೊಳ್ಳಿರಿ. ಮೆಮೊರಿಯನ್ನು ತಪಾಸಿಸಲು ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಸಾಧನ ಯಂತ್ರದಲ್ಲಿಯೇ ಇದೆ. ರಾತ್ರಿ ಅದಕ್ಕೆ ಹಚ್ಚಿ ಮಲಗಬಹುದು.

ಹೆಣ್ಣುಮಕ್ಕಳು ಕಸೂತಿ ಹಾಕಿ ಹೊದಿಸುವ ವಸ್ತ್ರ ಚೆಂದವೇ. ಯಂತ್ರ ಓಡುವಾಗ ಮಾತ್ರ ಅದನ್ನು ತೆಗೆದಿಡಿರಿ. ಪೆಟ್ಟಿಗೆ ಗೋಡೆಯಿಂದ ನಾಲ್ಕು ಅಂಗುಲ ದೂರವಿರಲಿ. ಕಣ ಮನೆಯ ಹತ್ತಿರವಿದ್ದವರು ಒಕ್ಕಣೆ ಮುಗಿದ ವಾರದಲ್ಲಿಯೇ ಒಮ್ಮೆ ಬ್ರಷ್ ಆಡಿಸಿರಿ. ಲ್ಯಾಪ್‌ಟಾಪ್ ಉಳ್ಳವರು ಅದನ್ನು ಕೌದಿಯ ಮೇಲಿಟ್ಟು ಕೆಲಸ ಮಾಡಬಾರದು. ಗಾಳಿಯ ಕಂಡಿಗಳಿರುವುದು ಬಹುತೇಕ ಅದರ ಹೊಟ್ಟೆಯ ಕೆಳಗೆ.